ಯುದ್ಧ ಮುಗಿದ ಮೇಲೆ ಸಂಜೆ 6ಕ್ಕೆ: ಫಿರಂಗಿಯ ಹಾಡು ಉಳಿಯಿತು, ಭೇಟಿಯ ಮಾತು ಎಲ್ಲಿ ಹೋಯಿತು?

1418. ರಷ್ಯಾದಲ್ಲಿ ಬೆಳೆದವರಿಗೆ ಈ ಸಂಖ್ಯೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. 1941ರ ಜೂನ್ 22ರಂದು ಹಿಟ್ಲರನ ಸೈನ್ಯ ಸೋವಿಯತ್ ಗಡಿ ದಾಟಿದ ದಿನದಿಂದ 1945ರ ಮೇ 9ರ ವಿಜಯದ ದಿನದವರೆಗೆ ಎಣಿಸಿದರೆ ಸಿಗುವ ದಿನಗಳ ಲೆಕ್ಕ ಅದು. ಈಗ ಇದೇ ಲೆಕ್ಕವನ್ನು 2022ರ ಫೆಬ್ರವರಿ 24ರಿಂದ ಶುರು ಮಾಡಿ. ರಷ್ಯಾದ ಸೈನ್ಯ ಉಕ್ರೇನಿನೊಳಗೆ ನುಗ್ಗಿದ ದಿನ ಅದು. 1418ನೇ ದಿನ 2026ರ ಜನವರಿ 11ಕ್ಕೆ ಬರುತ್ತದೆ. ಆಗ ಬರ್ಲಿನ್‌ವರೆಗೆ ಹೋಗಲು ಹಿಡಿದಷ್ಟು ಕಾಲ ಕಳೆದರೂ ಈ ಬಾರಿ ಸೈನ್ಯ ಇನ್ನೂ ದೊನ್‌ಬಾಸ್‌ನ ಪಟ್ಟಣಗಳಿಗಾಗಿಯೇ ಬಡಿದಾಡುತ್ತಿದೆ.

ಈ ಲೆಕ್ಕ ಹಾಕುವಾಗ ನನಗೆ ನೆನಪಾಗಿದ್ದು ಯಾವುದೋ ಸೇನಾ ವರದಿ ಅಲ್ಲ, ಒಂದು ಹಾಡು-ಕುಣಿತದ ಸಿನಿಮಾ. ಹೆಸರು 'ಯುದ್ಧ ಮುಗಿದ ಮೇಲೆ ಸಂಜೆ 6ಕ್ಕೆ'. ಇವಾನ್ ಪೀರ್ಯೆವ್ ನಿರ್ದೇಶನದ ಈ ಚಿತ್ರ ತೆರೆಗೆ ಬಂದಿದ್ದು 1944ರ ನವೆಂಬರ್‌ನಲ್ಲಿ. ಗಮನಿಸಿ, ಯುದ್ಧ ಮುಗಿಯಲು ಇನ್ನೂ ಆರು ತಿಂಗಳು ಬಾಕಿ ಇತ್ತು. ಆದರೂ ಚಿತ್ರದ ಕೊನೆಯಲ್ಲಿ ಮಾಸ್ಕೋ ವಿಜಯೋತ್ಸವ ಆಚರಿಸುತ್ತದೆ. ಗೆಲುವನ್ನು ಗೆಲ್ಲುವ ಮೊದಲೇ ಶೂಟ್ ಮಾಡಿ ಇಟ್ಟಿದ್ದರು.

ಕಥೆ ಸರಳ. ಇಬ್ಬರು ಫಿರಂಗಿ ದಳದ ಲೆಫ್ಟಿನೆಂಟ್‌ಗಳು, ಗೆಳೆಯರು. ಸೈನಿಕರಿಗೆ ಅಂತ ಮಾಸ್ಕೋದ ಒಂದು ಶಿಶುವಿಹಾರದಿಂದ ಬಂದ ಉಡುಗೊರೆಯ ಪೊಟ್ಟಣದ ಬೆನ್ನುಹತ್ತಿ ಹೋಗಿ ಅಲ್ಲಿಯ ಶಿಕ್ಷಕಿ ವಾರ್ಯಾಳನ್ನು ಭೇಟಿಯಾಗುತ್ತಾರೆ. ಒಬ್ಬನಿಗೆ, ಅಂದರೆ ವಾಸಿಲಿಗೆ, ಅವಳ ಮೇಲೆ ಪ್ರೀತಿ ಹುಟ್ಟುತ್ತದೆ. ಯುದ್ಧ ಮುಗಿದ ದಿನ ಸಂಜೆ ಆರು ಗಂಟೆಗೆ ಕ್ರೆಮ್ಲಿನ್ ಪಕ್ಕದ ಸೇತುವೆ ಮೇಲೆ ಸಿಗೋಣ ಅಂತ ಮಾತಾಗುತ್ತದೆ. ಆಮೇಲೆ ವಾಸಿಲಿ ಕಾಲು ಕಳೆದುಕೊಳ್ಳುತ್ತಾನೆ. ಅವಳಿಗೆ ಹೊರೆಯಾಗಬಾರದು ಅಂತ, ತಾನು ಸತ್ತೆ ಎಂದು ಹೇಳಿಬಿಡು ಎಂದು ಗೆಳೆಯನಿಗೆ ಹೇಳುತ್ತಾನೆ. ಅತ್ತ ವಾರ್ಯಾ ಶಿಶುವಿಹಾರ ಬಿಟ್ಟು ವಿಮಾನ ನಿರೋಧಕ ಫಿರಂಗಿ ದಳ ಸೇರಿರುತ್ತಾಳೆ. ಕೊನೆಗೆ ಸೇತುವೆ, ಸಂಜೆ, ಆಕಾಶದ ತುಂಬ ಸಿಡಿಮದ್ದು. ಸಂಭಾಷಣೆ ಪೂರ್ತಿ ಪದ್ಯದಲ್ಲಿದೆ. ಬರೆದ ಕವಿ ವಿಕ್ತರ್ ಗೂಸೆವ್ 1944ರ ಜನವರಿಯಲ್ಲೇ ತೀರಿಕೊಂಡರು. ಚಿತ್ರದ ಗೆಲುವನ್ನೂ ನೋಡಲಿಲ್ಲ, ನಿಜದ ಗೆಲುವನ್ನೂ ನೋಡಲಿಲ್ಲ.

ಆ ಶೀರ್ಷಿಕೆ ಕೂಡ ಸ್ವಂತದ್ದಲ್ಲ. ಜೆಕ್ ಲೇಖಕ ಹಾಶೆಕ್‌ನ 'ಶ್ವೈಕ್' ಕಾದಂಬರಿಯಲ್ಲಿ ಇಬ್ಬರು ಸೈನಿಕರು ಬೇರ್ಪಡುವಾಗ ಯುದ್ಧ ಮುಗಿದ ಮೇಲೆ ಸಂಜೆ ಆರಕ್ಕೆ ಹೆಂಡದಂಗಡಿಯಲ್ಲಿ ಸಿಗೋಣ ಅಂತ ಕೂಗಿಕೊಳ್ಳುತ್ತಾರೆ. ಅದು ಯುದ್ಧವನ್ನೇ ಗೇಲಿ ಮಾಡುವ ಪುಸ್ತಕ. ಪ್ರಭುತ್ವದ ಸಿನಿಮಾ ಅಲ್ಲಿಂದ ಒಂದು ತಮಾಷೆಯ ಮಾತನ್ನು ಎತ್ತಿಕೊಂಡು ಅದರಿಂದ ಕಣ್ಣೀರು ತರಿಸಿತು.

ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ಇಂಥ ಸಿನಿಮಾ ನೋಡುವಾಗ ಕಣ್ಣು ನಾಯಕಿಗಿಂತ ಮೊದಲು ಯಂತ್ರದ ಕಡೆ ಹೋಗುತ್ತದೆ. ಈ ಚಿತ್ರದ ನಿಜವಾದ ನಾಯಕ ಫಿರಂಗಿಯೇ ಅನ್ನೋದು ನನ್ನ ಅಭಿಪ್ರಾಯ. ತೀಖೋನ್ ಖ್ರೆನ್ನಿಕೊವ್ ಸಂಗೀತದ 'ಫಿರಂಗಿ ದಳದ ನಡಿಗೆ ಹಾಡು' ಹುಟ್ಟಿದ್ದು ಇದೇ ಚಿತ್ರಕ್ಕಾಗಿ. ಚಿತ್ರವನ್ನು ನೋಡದ ರಷ್ಯನ್ನರಿಗೂ ಆ ಹಾಡು ಗೊತ್ತು. ಮೂಲ ಪಲ್ಲವಿಯಲ್ಲಿ ಸ್ಟಾಲಿನ್ ಹೆಸರಿತ್ತು. ಕಾಲ ಬದಲಾದ ಮೇಲೆ ಹೆಸರನ್ನು ಸದ್ದಿಲ್ಲದೆ ಕಿತ್ತು ಬೇರೆ ಪದ ಕೂರಿಸಿದರು, ರಾಗ ಮಾತ್ರ ಹಾಗೇ ಉಳಿಯಿತು. ಈ ಕಿತ್ತು ಕೂರಿಸುವ ಕೆಲಸ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಬಿಡುಗಡೆಯ ಸಮಯವೂ ಹಾಗೇ. 1942ರ ನವೆಂಬರ್ 19ರಂದು ಸ್ಟಾಲಿನ್‌ಗ್ರಾಡ್ ಬಳಿ ಸೋವಿಯತ್ ಪ್ರತಿದಾಳಿ ಶುರುವಾಗಿದ್ದು ಭಾರೀ ಫಿರಂಗಿ ಸುರಿಮಳೆಯಿಂದ. ಆ ನೆನಪಿಗೆ ನವೆಂಬರ್ 19ನ್ನು 'ಫಿರಂಗಿ ದಿನ' ಅಂತ ಘೋಷಿಸಿದ್ದು 1944ರ ಅಕ್ಟೋಬರ್‌ನಲ್ಲಿ. ಚಿತ್ರ ತೆರೆ ಕಂಡಿದ್ದು ಮುಂದಿನ ತಿಂಗಳು. ಫಿರಂಗಿಯನ್ನು 'ಯುದ್ಧದ ದೇವರು' ಅಂತ ಕರೆಯುತ್ತಿದ್ದ ಕಾಲ ಅದು. ದೇವರಿಗೆ ಹಬ್ಬ ಬೇಕು, ಭಜನೆಯೂ ಬೇಕು. ಎರಡೂ ಒಟ್ಟಿಗೆ ಸಿಕ್ಕವು.

ಆ ಕಾಲದ ಸೋವಿಯತ್ ಫಿರಂಗಿ ಅಂದರೆ ಮೊದಲು ಹೇಳಬೇಕಾದ್ದು 76 ಮಿ.ಮೀ. ಝಿಸ್-3. ಹೆಸರಿನ ಅರ್ಥವೇ 'ಸ್ಟಾಲಿನ್ ಹೆಸರಿನ ಕಾರ್ಖಾನೆ'. ವಾಸಿಲಿ ಗ್ರಾಬಿನ್ ಎಂಬ ವಿನ್ಯಾಸಕಾರ ಹೊಸದನ್ನು ಸೊನ್ನೆಯಿಂದ ಕಟ್ಟಲಿಲ್ಲ. ತನ್ನದೇ 57 ಮಿ.ಮೀ. ಟ್ಯಾಂಕ್ ನಿರೋಧಕ ಫಿರಂಗಿಯ ಹಗುರ ಗಾಡಿ ತೆಗೆದುಕೊಂಡು ಅದರ ಮೇಲೆ 76 ಮಿ.ಮೀ. ನಳಿಗೆ ಕೂರಿಸಿದ. ಹಗುರ ಗಾಡಿಗೆ ದೊಡ್ಡ ನಳಿಗೆಯ ಒದೆತ ತಡೆದುಕೊಳ್ಳಲಾಗದು ಅಲ್ವಾ? ಅದಕ್ಕೆ ನಳಿಗೆಯ ಬಾಯಿಗೆ ಮಝಲ್ ಬ್ರೇಕ್ ಹಾಕಿದ. ಶೆಲ್ ಹೊರಬಿದ್ದಾಗ ಹಿಂದೆ ನುಗ್ಗುವ ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಒದೆತದ ಜೋರು ತಗ್ಗಿಸುವ ಉಪಕರಣ ಅದು. ಮೇಲಿನವರ ಒಪ್ಪಿಗೆ ಸಿಗುವ ಮೊದಲೇ ಕಾರ್ಖಾನೆಯಲ್ಲಿ ತಯಾರಿಕೆ ಶುರು ಮಾಡಿಬಿಟ್ಟಿದ್ದ. ಒಪ್ಪಿಗೆ ಬಂದಿದ್ದು 1942ರ ಫೆಬ್ರವರಿಯಲ್ಲಿ. ಆರು ಕೆಜಿ ಚಿಲ್ಲರೆ ತೂಕದ ಶೆಲ್, ಸುಮಾರು 13 ಕಿ.ಮೀ. ದೂರ, ಒಂದು ಟನ್‌ಗಿಂತ ಸ್ವಲ್ಪ ಹೆಚ್ಚು ತೂಕ. ಕೆಸರಿನಲ್ಲಿ ಸಿಕ್ಕಿಕೊಂಡರೆ ಸೈನಿಕರೇ ಸೇರಿ ತಳ್ಳಬಹುದು. ಒಂದು ಲಕ್ಷಕ್ಕೂ ಹೆಚ್ಚು ತಯಾರಾದವು.

ಇಷ್ಟು ಓದಿದರೆ ಯಾವ ಎಂಜಿನಿಯರ್‌ಗಾದರೂ ಖುಷಿ ಆಗುತ್ತದೆ, ನನಗೂ ಆಗುತ್ತದೆ. ಆ ಖುಷಿಯನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಯಾಕೆಂದರೆ ಯುದ್ಧದ ಸಿನಿಮಾ ಬಳಸಿಕೊಳ್ಳುವುದು ನಮ್ಮೊಳಗಿನ ಇದೇ ಖುಷಿಯನ್ನು. ಚೆಂದದ ಯಂತ್ರ, ಅದರ ಸುತ್ತ ಚೆಂದದ ಹುಡುಗರು, ಒಂದೇ ತಾಳಕ್ಕೆ ಅವರ ಕೈ ಓಡಾಟ. ಶೆಲ್ ಹೋಗಿ ಬೀಳುವ ಜಾಗಕ್ಕಿಂತ ಶೆಲ್ ತುಂಬುವ ಮುಖಗಳೇ ಇಲ್ಲಿ ಮುಖ್ಯ. ಹದಿಮೂರು ಕಿಲೋಮೀಟರ್ ಆಚೆ ಏನಾಗುತ್ತದೆ ಅನ್ನುವುದು ಹಾಡಿನ ವ್ಯಾಪ್ತಿಗೆ ಬರುವುದಿಲ್ಲ.

ಹಾಗಂತ ಈ ಚಿತ್ರವನ್ನು ಬರೀ ಪ್ರಚಾರ ಅಂತ ತಳ್ಳಿಹಾಕಲು ನಾನು ತಯಾರಿಲ್ಲ. 1944ರ ಪ್ರೇಕ್ಷಕರನ್ನು ಸ್ವಲ್ಪ ಯೋಚಿಸಿ. 1941ರ ಜುಲೈ 21ರ ರಾತ್ರಿ ಮಾಸ್ಕೋ ಮೇಲೆ ಜರ್ಮನ್ ಬಾಂಬರ್‌ಗಳು ಮೊದಲ ದೊಡ್ಡ ದಾಳಿ ಮಾಡಿದಾಗ ನೆಲಮಾಳಿಗೆಯಲ್ಲೋ ಮೆಟ್ರೋ ಸುರಂಗದಲ್ಲೋ ಕೂತಿದ್ದ ಜನ ಅವರು. ಮೇಲೆ ಸಿಡಿಯುವ ವಿಮಾನ ನಿರೋಧಕ ಫಿರಂಗಿಯ ಸದ್ದು ಅವರಿಗೆ ಕೊಲ್ಲುವ ಸದ್ದಲ್ಲ, ಯಾರೋ ಇನ್ನೂ ನಮ್ಮನ್ನು ಕಾಯುತ್ತಿದ್ದಾರೆ ಎನ್ನುವ ಸದ್ದು. ಚಿತ್ರ ಅವರಿಗೆ ಸುಳ್ಳು ಹೇಳಲಿಲ್ಲ. ಅವರು ಆಗಲೇ ನಂಬಿದ್ದನ್ನು ರಾಗ ಹಾಕಿ ಹಾಡಿತು ಅಷ್ಟೇ.

ವಾರ್ಯಾಳ ಪಾತ್ರವೂ ಕಟ್ಟುಕಥೆ ಅಲ್ಲ. 1942ರ ಮಾರ್ಚ್‌ನಲ್ಲಿ ಒಂದು ಲಕ್ಷ ಯುವತಿಯರನ್ನು ವಾಯುರಕ್ಷಣಾ ದಳಕ್ಕೆ ಸೇರಿಸಿಕೊಳ್ಳಲು ಸೋವಿಯತ್ ಸರ್ಕಾರ ಆದೇಶ ಹೊರಡಿಸಿತ್ತು. ಗಂಡಸರನ್ನು ಮುಂಚೂಣಿಗೆ ಕಳಿಸಲು ಅವರ ಜಾಗಕ್ಕೆ ಹೆಂಗಸರು. ಒಂಬತ್ತು ಕೆಜಿ ಮೀರಿದ 85 ಮಿ.ಮೀ. ಶೆಲ್‌ಗಳನ್ನು ರಾತ್ರಿಯಿಡೀ ಕೈಯಿಂದ ಕೈಗೆ ದಾಟಿಸುವುದು ಅಂದರೆ ಏನು ಅಂತ ಸಿನಿಮಾ ಹೇಳುವುದಿಲ್ಲ. ಹೇಳಿದ್ದು ಸ್ವೆತ್ಲಾನಾ ಅಲೆಕ್ಸೀವಿಚ್. ಸೈನ್ಯದಲ್ಲಿದ್ದ ಹೆಂಗಸರ ಮಾತುಗಳನ್ನು ಊರೂರು ತಿರುಗಿ ಸಂಗ್ರಹಿಸಿದ ಅವರ ಪುಸ್ತಕ ಹೊರಬಂದಿದ್ದು 1985ರಲ್ಲಿ, ಅಂದರೆ ಯುದ್ಧ ಮುಗಿದು 40 ವರ್ಷದ ಮೇಲೆ. ಅಳತೆಗೆ ಹೊಂದದ ಗಂಡಸರ ಬೂಟು, ಗಂಡಸರ ಒಳಉಡುಪು, ಊರಿಗೆ ವಾಪಸ್ ಬಂದ ಮೇಲೆ 'ಅಲ್ಲಿ ಗಂಡಸರ ಮಧ್ಯೆ ಏನು ಮಾಡುತ್ತಿದ್ದಳೋ' ಅನ್ನುವ ನೆರೆಹೊರೆಯ ಕುಹಕ, ಪದಕಗಳನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟವರ ಮೌನ. ಸೇತುವೆಯ ಮೇಲೆ ವಾರ್ಯಾಳಿಗೆ ಸಿಕ್ಕಿದ ಸ್ವಾಗತ ಅವರಲ್ಲಿ ಬಹಳ ಜನಕ್ಕೆ ಸಿಗಲಿಲ್ಲ.

ಚಿತ್ರದ ಕೊನೆಯ ಆ ಸಿಡಿಮದ್ದಿನ ಆಕಾಶವೂ ಆಗ ಮಾಸ್ಕೋಗೆ ಹೊಸ ಅನುಭವವೇ. ಓರ್ಯೋಲ್ ಮತ್ತು ಬೆಲ್ಗೊರೊದ್ ನಗರಗಳನ್ನು ಬಿಡಿಸಿಕೊಂಡ ಖುಷಿಗೆ 1943ರ ಆಗಸ್ಟ್ 5ರಂದು ಯುದ್ಧಕಾಲದ ಮೊದಲ ಕುಶಾಲತೋಪು ಹಾರಿಸಲಾಯಿತು. ಆಮೇಲೆ ಒಂದೊಂದು ನಗರ ಕೈಗೆ ಬಂದಾಗಲೂ ಹಾರಿಸುತ್ತಾ ಹೋದರು. 1945ರ ಮೇ 9ರಂದು ಸಾವಿರ ಫಿರಂಗಿಗಳಿಂದ 30 ಸುತ್ತು. ನಮ್ಮ ಮೈಸೂರು ದಸರಾದಲ್ಲಿ ಕುಶಾಲತೋಪಿಗೆ ಮುಂಚೆ ಆನೆ, ಕುದುರೆಗಳಿಗೆ ಸದ್ದಿನ ತಾಲೀಮು ಕೊಡುತ್ತಾರಲ್ಲ, ಬೆದರಬಾರದು ಅಂತ. ಎರಡು ವರ್ಷದ ಕುಶಾಲತೋಪು ಮಾಸ್ಕೋದ ಜನಕ್ಕೆ ಕೊಟ್ಟಿದ್ದು ಅಂಥದ್ದೇ ತಾಲೀಮು. ಬೆದರಿಸುತ್ತಿದ್ದ ಸದ್ದು ಸಂಭ್ರಮದ ಸದ್ದಾಯಿತು. ಪೀರ್ಯೆವ್ ಅದನ್ನು ಕ್ಯಾಮೆರಾದಲ್ಲಿ ಹಿಡಿದ.

ಈ ಪೀರ್ಯೆವ್‌ಗೆ ಯಂತ್ರವನ್ನು ಹಾಡಿಸುವುದು ಹೊಸದಲ್ಲ. 1939ರಲ್ಲಿ ಅವನು ಮಾಡಿದ 'ಟ್ರಾಕ್ಟರ್ ಚಾಲಕರು' ಸಿನಿಮಾದಲ್ಲಿ ಸೇನೆಯಿಂದ ಊರಿಗೆ ಬರುವ ಟ್ಯಾಂಕ್ ಸೈನಿಕನೊಬ್ಬ ಸಾಮೂಹಿಕ ಬೇಸಾಯದ ಹಳ್ಳಿಯಲ್ಲಿ ಟ್ರಾಕ್ಟರ್ ಪಡೆ ಕಟ್ಟುತ್ತಾನೆ. ಇವತ್ತು ಟ್ರಾಕ್ಟರ್ ಓಡಿಸುವವನು ನಾಳೆ ಟ್ಯಾಂಕ್ ಓಡಿಸಬಲ್ಲ ಅನ್ನೋದೇ ಚಿತ್ರದ ಸಾರ. ಇದರಲ್ಲಿ ಎಂಜಿನಿಯರಿಂಗ್ ಸತ್ಯವೂ ಇದೆ. ಸ್ಟಾಲಿನ್‌ಗ್ರಾಡ್ ಮತ್ತು ಚೆಲ್ಯಾಬಿನ್ಸ್ಕ್‌ನ ಟ್ರಾಕ್ಟರ್ ಕಾರ್ಖಾನೆಗಳು ಯುದ್ಧದಲ್ಲಿ ಟ್ಯಾಂಕ್ ತಯಾರಿಸಿದವು. ಅಂದಹಾಗೆ ಆ ಸಿನಿಮಾದ ಹಳ್ಳಿ ಇರುವುದು ಉಕ್ರೇನಿನಲ್ಲಿ. 2022ರ ವಸಂತದಲ್ಲಿ ನಿಮ್ಮ ಮೊಬೈಲಿಗೂ ಬಂದಿರಬೇಕು ಆ ವಿಡಿಯೋಗಳು: ರಷ್ಯಾದವರು ಬಿಟ್ಟು ಓಡಿದ ಶಸ್ತ್ರಸಜ್ಜಿತ ವಾಹನವನ್ನು ಉಕ್ರೇನಿನ ರೈತ ಟ್ರಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋಗುವುದು. ಅದೇ ಚಿತ್ರವನ್ನು ಉಕ್ರೇನ್ ಅಂಚೆಚೀಟಿಯಾಗಿಯೂ ಅಚ್ಚು ಹಾಕಿಸಿತು. ಪೀರ್ಯೆವ್ ಇದ್ದಿದ್ದರೆ ಏನನ್ನುತ್ತಿದ್ದನೋ.

ಇನ್ನೊಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. 1946ರಲ್ಲಿ ತೆರೆಗೆ ಬಂದ 'ಆಕಾಶದ ಆಮೆನಡಿಗೆಯವ' ಎಂಬರ್ಥದ ಹೆಸರಿನ ಹಾಸ್ಯ-ಸಂಗೀತ ಚಿತ್ರ. ಗಾಯಗೊಂಡ ಫೈಟರ್ ಪೈಲಟ್ ಒಬ್ಬನಿಗೆ ವೈದ್ಯರು ನಿಧಾನಗತಿಯ ಪೊ-2 ವಿಮಾನ ಹಾರಿಸಲು ಮಾತ್ರ ಅನುಮತಿ ಕೊಡುತ್ತಾರೆ. ಅವನಿಗೆ ಅದೊಂದು ಅವಮಾನ. ಮರ, ಬಟ್ಟೆಯಿಂದ ಮಾಡಿದ ಪೊ-2 ಹೆಚ್ಚೆಂದರೆ ಗಂಟೆಗೆ 150 ಕಿ.ಮೀ. ಹೋಗುತ್ತಿತ್ತು. ರಾತ್ರಿ ಹೊತ್ತು ತಲೆ ಮೇಲೆ ಬರುವ ಅದರ ಟಕಟಕ ಸದ್ದಿಗೆ ಜರ್ಮನ್ನರು 'ಹೊಲಿಗೆ ಯಂತ್ರ' ಅಂತ ಹೆಸರಿಟ್ಟಿದ್ದರು. ಇವತ್ತು ಉಕ್ರೇನಿನ ನಗರಗಳ ಮೇಲೆ ರಾತ್ರಿ ಬರುವ ಇರಾನ್ ಮೂಲದ ಶಾಹೇದ್ ಡ್ರೋನ್‌ಗಳ ವೇಗವೂ ಹೆಚ್ಚು ಕಡಿಮೆ ಅಷ್ಟೇ, 180 ಕಿ.ಮೀ. ಆಸುಪಾಸು. ಅಲ್ಲಿಯ ಜನ ಅದಕ್ಕೆ ಇಟ್ಟ ಹೆಸರು 'ಮೊಪೆಡ್'. ಹೊಲಿಗೆ ಯಂತ್ರ, ಮೊಪೆಡ್. ಕೆಳಗೆ ಮಲಗಿದವರು ಮನೆಯ ಸಾಮಾನಿನ ಹೆಸರಿಟ್ಟೇ ಹೆದರುತ್ತಾರೆ. ಆಗ ಸೋವಿಯತ್ ಜನ ಮೇಲಿದ್ದರು, ಸಿನಿಮಾ ಮೇಲಿದ್ದವರ ಬಗ್ಗೆ ಆಯಿತು.

ಈಗ ಕೆಂಪು ಚೌಕಕ್ಕೆ ಬರೋಣ. 2023ರ ಮೇ 9ರ ವಿಜಯ ದಿನದ ಪೆರೇಡ್‌ನಲ್ಲಿ ಕಾಣಿಸಿಕೊಂಡಿದ್ದು ಒಂದೇ ಒಂದು ಟ್ಯಾಂಕ್, ಹಳೆಯ ಟಿ-34. 2024ರಲ್ಲೂ ಅಷ್ಟೇ. ಹೊಸವು ಎಲ್ಲಿ ಅಂತ ಜಗತ್ತೆಲ್ಲ ನಕ್ಕಿತು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸುದ್ದಿ. 2019ರ ಜನವರಿಯಲ್ಲಿ ರಷ್ಯಾ ಲಾವೋಸ್‌ನಿಂದ 30 ಟಿ-34 ಟ್ಯಾಂಕ್‌ಗಳನ್ನು ವಾಪಸ್ ತರಿಸಿಕೊಂಡಿತು. ಯಾಕೆ? ಪೆರೇಡ್‌ಗಳಿಗೆ, ಮತ್ತು ಸಿನಿಮಾಗಳಿಗೆ. ತಾನೇ ಹತ್ತಾರು ಸಾವಿರ ಲೆಕ್ಕದಲ್ಲಿ ತಯಾರಿಸಿದ್ದನ್ನು ಆಗ್ನೇಯ ಏಷ್ಯಾದಿಂದ ಹಡಗಿನಲ್ಲಿ ಆಮದು ಮಾಡಿಕೊಳ್ಳುವ ಸ್ಥಿತಿ. ಹಾಗೆ ನೋಡಿದರೆ ನೆನಪಿಗೂ ಬಿಡಿಭಾಗ ಬೇಕು. ಅದೇ ತಿಂಗಳ ಒಂದನೇ ತಾರೀಕು 'ಟಿ-34' ಹೆಸರಿನ ದೊಡ್ಡ ಬಜೆಟ್ಟಿನ ಸಿನಿಮಾ ರಷ್ಯಾದ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಗಿತ್ತು. ಹಾರುವ ಶೆಲ್‌ಗಳನ್ನು ಸ್ಲೋ ಮೋಷನ್‌ನಲ್ಲಿ ತೋರಿಸುವ, ವಿಡಿಯೋ ಗೇಮ್ ರುಚಿಯ ಚಿತ್ರ.

ಟಿ-34 ಹುಟ್ಟಿದ್ದೆಲ್ಲಿ ಗೊತ್ತಾ? ಮಿಖಾಯಿಲ್ ಕೋಶ್ಕಿನ್ ತಂಡ ಅದನ್ನು ವಿನ್ಯಾಸ ಮಾಡಿದ್ದು ಖಾರ್ಕೊವ್‌ನ ಲೋಕೊಮೋಟಿವ್ ಕಾರ್ಖಾನೆಯಲ್ಲಿ. ಉಕ್ರೇನಿಯನ್ನರು ಖಾರ್ಕಿವ್ ಅನ್ನುತ್ತಾರೆ. ರಷ್ಯಾದ ಗಡಿಗೆ ಅಂಟಿಕೊಂಡಂತಿರುವ ಈ ನಗರ 2022ರಿಂದ ಶೆಲ್, ರಾಕೆಟ್, ಗ್ಲೈಡ್ ಬಾಂಬ್‌ಗಳ ಕೆಳಗಿದೆ. ಅಲ್ಲಿ ಮಕ್ಕಳ ಪಾಠಕ್ಕೆ ಮೆಟ್ರೋ ನಿಲ್ದಾಣಗಳಲ್ಲಿ, ನೆಲದಡಿಯಲ್ಲಿ ತರಗತಿ ಕಟ್ಟಿದ್ದಾರೆ. 1941ರ ಮಾಸ್ಕೋದ ಮೆಟ್ರೋ ನೆನಪಾಗದೆ ಇರುತ್ತಾ? ಪೆರೇಡ್‌ನಲ್ಲಿ ಪೂಜೆಗೆ ಬಂದ ಟ್ಯಾಂಕಿನ ತವರೂರನ್ನೇ ಹೊಡೆಯುತ್ತಾ, ಆ ಟ್ಯಾಂಕನ್ನು ತನ್ನೊಬ್ಬನದೇ ಆಸ್ತಿ ಅಂತ ಕ್ರೆಮ್ಲಿನ್ ಹೇಳಿಕೊಳ್ಳುತ್ತಿದೆ. ಕೆಂಪು ಸೇನೆಯಲ್ಲಿ ರಷ್ಯನ್ನರಷ್ಟೇ ಇರಲಿಲ್ಲ. ಉಕ್ರೇನಿಯನ್ನರು ಲಕ್ಷಗಟ್ಟಲೆ ಸತ್ತಿದ್ದಾರೆ. ಬೆಲಾರುಸಿಯನ್ನರು, ಕಝಾಕರು, ಜಾರ್ಜಿಯನ್ನರು, ಯಹೂದಿಗಳು ಎಲ್ಲರೂ ಇದ್ದರು. ಅವರ ಪಾಲು ಕೇಳಿದರೆ ಈಗ ಅಪರಾಧದ ಮಾತಾಗುತ್ತದೆ.

ಮಾತನ್ನು ಅಪರಾಧ ಮಾಡಿದ್ದು ಹಂತ ಹಂತವಾಗಿ. 2014ರಲ್ಲಿ 'ನಾಝಿವಾದದ ಪುನರ್‌ಸ್ಥಾಪನೆ' ಹೆಸರಿನಲ್ಲಿ ದಂಡಸಂಹಿತೆಗೆ ಹೊಸ ಕಲಂ ಬಂತು, 2021ರಲ್ಲಿ ಅದನ್ನು ಹಿಗ್ಗಿಸಿ ಯೋಧರ ನೆನಪಿಗೆ ಅವಮಾನ ಮಾಡುವುದನ್ನೂ ಸೇರಿಸಿದರು. ಸೇನೆಯ ಬಗ್ಗೆ 'ಸುಳ್ಳು ಮಾಹಿತಿ' ಹರಡಿದರೆ 15 ವರ್ಷದವರೆಗೆ ಜೈಲು ಅನ್ನುವ ಕಾನೂನು 2022ರ ಮಾರ್ಚ್‌ನಲ್ಲಿ ಬಂತು. ಉಕ್ರೇನಿನಲ್ಲಿ ನಡೆಯುತ್ತಿರುವುದನ್ನು 'ಯುದ್ಧ' ಅಂತ ಬರೆಯಬೇಡಿ, 'ವಿಶೇಷ ಸೇನಾ ಕಾರ್ಯಾಚರಣೆ' ಅನ್ನಿ ಎಂದು ಮಾಧ್ಯಮಗಳಿಗೆ ತಾಕೀತು. ಮಾಸ್ಕೋದಲ್ಲಿರುವ ಕೀವ್ ನಗರದ ಸ್ಮಾರಕಶಿಲೆಯ ಪಕ್ಕ ಟಾಲ್‌ಸ್ಟಾಯ್‌ನ 'ಯುದ್ಧ ಮತ್ತು ಶಾಂತಿ' ಹಿಡಿದು ಸುಮ್ಮನೆ ನಿಂತ ಒಬ್ಬ ವ್ಯಕ್ತಿಯನ್ನು ಪೊಲೀಸರು ಹಿಡಿದುಕೊಂಡು ಹೋದರು. ಹಾಗಾದರೆ ಪೀರ್ಯೆವ್ ಸಿನಿಮಾದ ಹೆಸರು ಹೇಗೆ ಹೇಳುವುದು? 'ವಿಶೇಷ ಸೇನಾ ಕಾರ್ಯಾಚರಣೆ ಮುಗಿದ ಮೇಲೆ ಸಂಜೆ 6ಕ್ಕೆ' ಅಂತಲೇ? ನಗು ಬರುತ್ತದೆ ನಿಜ. ಆದರೆ ಇದು ಬರೀ ಪದದ ಗೋಳಲ್ಲ. ಯುದ್ಧ ಅಂತ ಒಪ್ಪಿಕೊಂಡರೆ ತಾನೇ ಅದಕ್ಕೊಂದು 'ಮುಗಿದ ಮೇಲೆ' ಇರುವುದು?

ನನ್ನ ವಾದ ಇಷ್ಟೇ. 1944ರ ಸಿನಿಮಾ ಫಿರಂಗಿಯನ್ನು ಹಾಡಿ ಹೊಗಳಿತು, ಹೌದು. ಆದರೆ ಆ ಹೊಗಳಿಕೆಗೆ ಒಂದು ಷರತ್ತಿತ್ತು. ಫಿರಂಗಿ ಬೇಕಾಗಿದ್ದು ಒಂದು ಸಂಜೆಗಾಗಿ, ಒಂದು ಸೇತುವೆಗಾಗಿ, ಫಿರಂಗಿಯೇ ಬೇಡವಾಗುವ ದಿನಕ್ಕಾಗಿ. ನಾಯಕನ ಕಾಲು ಹೋಗಿದ್ದನ್ನೂ ಅದು ಬಚ್ಚಿಡಲಿಲ್ಲ. ಇವತ್ತಿನ ಕ್ರೆಮ್ಲಿನ್ ಆ ಹಾಡಿನಿಂದ ಸಂಜೆಯನ್ನು ಕಿತ್ತು ಹಾಕಿ ಫಿರಂಗಿಯನ್ನಷ್ಟೇ ಇಟ್ಟುಕೊಂಡಿದೆ. ಹಿಂದೆ ಸ್ಟಾಲಿನ್ ಹೆಸರನ್ನು ಕಿತ್ತಂತೆಯೇ, ರಾಗ ಕೆಡದ ಹಾಗೆ.

ಯುದ್ಧದ ನೆನಪು ಹೊತ್ತ ಸಾಮಾನ್ಯ ಸೋವಿಯತ್ ಕುಟುಂಬಗಳಲ್ಲಿ ಒಂದು ಮಾತು ಬಳಕೆಯಲ್ಲಿತ್ತು. ಏನು ಕಷ್ಟ ಬಂದರೂ 'ಯುದ್ಧ ಒಂದು ಬರದಿದ್ದರೆ ಸಾಕು' ಅನ್ನೋದು. ಕಳೆದ ಹದಿನೈದು ವರ್ಷಗಳಲ್ಲಿ ಮೇ 9ರ ಹೊತ್ತಿಗೆ ಕಾರುಗಳ ಹಿಂದೆ ಕಾಣತೊಡಗಿದ ಸ್ಟಿಕರ್ ಬೇರೆ: 'ಬೇಕಿದ್ದರೆ ಮತ್ತೊಮ್ಮೆ ಮಾಡಿ ತೋರಿಸ್ತೀವಿ'. ಯುದ್ಧ ಕಂಡವರ ಮಾತಿಗೂ ಯುದ್ಧವನ್ನು ಸಿನಿಮಾದಲ್ಲಿ ಮಾತ್ರ ಕಂಡವರ ಮಾತಿಗೂ ಇಷ್ಟು ಅಂತರ.

ಇದಕ್ಕೆಲ್ಲ ಪುಟಿನ್ ಒಬ್ಬನೇ ಕಾರಣ ಅಂದುಬಿಟ್ಟರೆ ಸುಲಭ. ವಿಜಯವನ್ನು ಜನರ ಕೈಯಿಂದ ಮೊದಲು ಕಸಿದದ್ದು ಸ್ಟಾಲಿನ್. ಎರಡೂವರೆ ವರ್ಷಕ್ಕೇ, 1947ರ ಡಿಸೆಂಬರ್‌ನಲ್ಲಿ, ಮೇ 9ರ ರಜೆ ರದ್ದಾಯಿತು. ಪದಕ ಪಡೆದ ಸೈನಿಕರಿಗೆ ಸಿಗುತ್ತಿದ್ದ ತಿಂಗಳ ಭತ್ಯೆಯೂ 1948ರ ಜನವರಿಯಿಂದ ನಿಂತಿತು. ಸಿನಿಮಾದ ವಾಸಿಲಿಗೆ ಸೇತುವೆ ಸಿಕ್ಕಿತು. ನಿಜದ ವಾಸಿಲಿಗಳು ಕೈಕಾಲಿಲ್ಲದೆ ಮಾರುಕಟ್ಟೆಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಭಿಕ್ಷೆ ಬೇಡಿದರು. ನೋಡಿಕೊಳ್ಳಲು ಯಾರೂ ಇಲ್ಲದವರಿಗೆ ಅಂತ 1950ರಲ್ಲಿ ಒಂದು ಆಶ್ರಯಧಾಮ ತೆರೆದದ್ದು ಲದೋಗಾ ಸರೋವರದ ನಡುವಿನ ವಲಾಮ್ ದ್ವೀಪದಲ್ಲಿ, ಯಾರ ಕಣ್ಣಿಗೂ ಬೀಳದಷ್ಟು ದೂರ. ಮೇ 9 ಮತ್ತೆ ರಜೆಯಾಗಿದ್ದು 1965ರಲ್ಲಿ, ಬ್ರೆಝ್ನೆವ್ ಕಾಲದಲ್ಲಿ. ವಾಪಸ್ ಬಂದಾಗ ಅದು ಜನರ ದಿನಕ್ಕಿಂತ ಹೆಚ್ಚಾಗಿ ಪ್ರಭುತ್ವದ ದಿನವಾಗಿತ್ತು.

ಜನ ಅದನ್ನು ಮತ್ತೆ ತಮ್ಮದಾಗಿಸಿಕೊಳ್ಳಲು ಒಂದು ಪ್ರಯತ್ನ ಮಾಡಿದರು, ಅದರ ಕಥೆ ಇನ್ನೂ ಬೇಸರದ್ದು. 2012ರಲ್ಲಿ ಸೈಬೀರಿಯಾದ ತೋಮ್ಸ್ಕ್‌ನಲ್ಲಿ ಕೆಲವು ಪತ್ರಕರ್ತರು ಸೇರಿ 'ಅಮರ ಪಡೆ' ಎಂಬ ಮೆರವಣಿಗೆ ಶುರು ಮಾಡಿದರು. ಟ್ಯಾಂಕ್ ಇಲ್ಲ, ಫಿರಂಗಿ ಇಲ್ಲ. ಮನೆಮಂದಿ ತಮ್ಮ ಅಜ್ಜ-ಅಜ್ಜಿಯರ ಫೋಟೋ ಹಿಡಿದು ನಡೆಯುವುದು, ಅಷ್ಟೇ. ಎಷ್ಟು ಒಳ್ಳೆಯ ಕಲ್ಪನೆ ಅಲ್ವಾ? 2015ರ ಹೊತ್ತಿಗೆ ಪ್ರಭುತ್ವ ಅದನ್ನು ಎತ್ತಿಕೊಂಡಿತು, ಪುಟಿನ್ ತನ್ನ ತಂದೆಯ ಫೋಟೋ ಹಿಡಿದು ಮುಂದೆ ನಡೆದರು. ಅದನ್ನು ಹುಟ್ಟುಹಾಕಿದ ಪತ್ರಕರ್ತರ ಟಿವಿ ವಾಹಿನಿ ಅಷ್ಟರಲ್ಲಿ ಪ್ರಸಾರದ ಹಕ್ಕು ಕಳೆದುಕೊಂಡಿತ್ತು. 2023ರಲ್ಲಿ ಭದ್ರತೆಯ ಕಾರಣ ಹೇಳಿ ಆ ಮೆರವಣಿಗೆಯನ್ನೇ ರದ್ದು ಮಾಡಿದರು. ಫೋಟೋಗಳ ಮೆರವಣಿಗೆ ನಿಂತಿತು, ಒಂಟಿ ಟ್ಯಾಂಕಿನ ಮೆರವಣಿಗೆ ಮಾತ್ರ ನಡೆಯಿತು. ಈ ಯುದ್ಧದಲ್ಲಿ ಸತ್ತವರ ಮನೆಯವರೂ ತಮ್ಮ ಮಕ್ಕಳ ಫೋಟೋ ಹಿಡಿದು ಬೀದಿಗೆ ಬಂದರೆ ಸತ್ತವರೆಷ್ಟು ಅಂತ ಊರಿಗೆಲ್ಲ ಗೊತ್ತಾಗಿಬಿಡುತ್ತಿತ್ತು ಅನ್ನುವ ಅನುಮಾನ ನನ್ನದು ಮಾತ್ರ ಅಲ್ಲ.

ಆಯುಧ ಪ್ರದರ್ಶನದ ಗೀಳು ಎರಡೂ ಕಡೆ ಇದೆ, ಅದನ್ನೂ ಹೇಳಬೇಕು. ಸುಟ್ಟು ಕರಕಲಾದ ರಷ್ಯನ್ ಟ್ಯಾಂಕ್‌ಗಳನ್ನು 2022ರ ಆಗಸ್ಟ್‌ನಲ್ಲಿ ಕೀವ್‌ನ ಮುಖ್ಯಬೀದಿಯಲ್ಲಿ ಸಾಲಾಗಿ ನಿಲ್ಲಿಸಿದ್ದರು, ಮಕ್ಕಳು ಹತ್ತಿ ಫೋಟೋ ತೆಗೆಸಿಕೊಂಡರು. 2024ರ ಮೇ ತಿಂಗಳಲ್ಲಿ ಮಾಸ್ಕೋ ವಶಪಡಿಸಿಕೊಂಡ ಪಾಶ್ಚಾತ್ಯ ಟ್ಯಾಂಕ್‌ಗಳ ಪ್ರದರ್ಶನ ಇಟ್ಟಿತು, ಅಮೆರಿಕದ ಅಬ್ರಾಮ್ಸ್, ಜರ್ಮನಿಯ ಲೆಪರ್ಡ್. 1943ರ ಜೂನ್‌ನಲ್ಲಿ ಗೋರ್ಕಿ ಪಾರ್ಕ್‌ನಲ್ಲಿ ನಾಝಿ ಆಯುಧಗಳ ಪ್ರದರ್ಶನ ತೆರೆದಿದ್ದರ ನೇರ ನಕಲು ಅದು. ವ್ಯತ್ಯಾಸ ಒಂದೇ: ಕೀವ್‌ನಲ್ಲಿಟ್ಟ ಟ್ಯಾಂಕ್‌ಗಳು ಕೀವ್‌ಗೆ ದಾಳಿ ಮಾಡಲು ಬಂದಿದ್ದವು. ಅಬ್ರಾಮ್ಸ್ ಮಾಸ್ಕೋಗೆ ಬಂದಿರಲಿಲ್ಲ, ಉಕ್ರೇನಿನ ನೆಲದಿಂದ ಎಳೆದುಕೊಂಡು ಬಂದಿದ್ದು.

2025ರಲ್ಲಿ, 80ನೇ ವರ್ಷದ ಪೆರೇಡ್‌ಗೆ, ಹೊಸ ಟ್ಯಾಂಕ್‌ಗಳು ಕೆಂಪು ಚೌಕಕ್ಕೆ ವಾಪಸ್ ಬಂದವು. ಜೊತೆಗೆ ಟ್ರಕ್‌ಗಳ ಮೇಲೆ ಡ್ರೋನ್‌ಗಳು. ಅದೇ 'ಮೊಪೆಡ್'ನ ರಷ್ಯನ್ ಅವತಾರ ಗೆರಾನ್ ಕೂಡ ಇತ್ತು. ಡ್ರೋನ್‌ಗೆ ಇನ್ನೂ ಯಾರೂ ಒಳ್ಳೆಯ ಹಾಡು ಕಟ್ಟಿಲ್ಲ ಅಂತ ಕಾಣುತ್ತದೆ. ಕಟ್ಟುವುದೂ ಕಷ್ಟ. ಫಿರಂಗಿಯ ಸುತ್ತ ಆರೇಳು ಜನ ಬೇಕು, ಆರೇಳು ಜನ ಇದ್ದರೆ ಒಂದು ಕೋರಸ್ ಆಗುತ್ತದೆ. ಡ್ರೋನ್ ಮುಂದೆ ಇರುವವನು ನೆಲಮಾಳಿಗೆಯಲ್ಲಿ ಗಾಗಲ್ ಹಾಕಿ ಕೂತ ಒಬ್ಬನೇ ಹುಡುಗ.

ಇದೆಲ್ಲ ದೂರದ ಕಥೆ ಅಂದುಕೊಳ್ಳಬೇಡಿ. 2020ರ ಜೂನ್‌ನಲ್ಲಿ ನಮ್ಮ ಮೂರೂ ಸೇನೆಗಳ 75 ಜನರ ತುಕಡಿ ಇದೇ ಕೆಂಪು ಚೌಕದಲ್ಲಿ ಹೆಜ್ಜೆ ಹಾಕಿದೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಡ್ರೋನ್‌ಗಳು ಬಂದಾಗ ಕ್ಷಿಪಣಿಗಳ ಜೊತೆ ನಮ್ಮ ಸೇನೆ ಬಳಸಿದ್ದು ಸೋವಿಯತ್ ಕಾಲದ ಶಿಲ್ಕಾ, ಝು-23 ಮತ್ತು ಸ್ವೀಡನ್ ಮೂಲದ ಎಲ್-70 ಫಿರಂಗಿಗಳನ್ನು. ಎಲ್-70ಗಳಿಗೆ ಹೊಸ ಕಣ್ಣು ಕೊಟ್ಟು ಮೇಲ್ದರ್ಜೆಗೇರಿಸಿದ್ದು ಬೆಂಗಳೂರಿನ ಬಿಇಎಲ್. ಗುಜರಿಗೆ ಹೋಗಬೇಕಿದ್ದ ವಿಮಾನ ನಿರೋಧಕ ಫಿರಂಗಿಗೆ ಡ್ರೋನ್‌ಗಳಿಂದಾಗಿ ಎಲ್ಲೆಡೆ ಮರುಹುಟ್ಟು ಬಂದಿದೆ. ಆ ವಾರ 'ಆಪರೇಷನ್ ಸಿಂಧೂರ' ಎಂಬ ಶೀರ್ಷಿಕೆಗೆ ಮುಂಬೈನಲ್ಲಿ ಸಿನಿಮಾದವರು ಕ್ಯೂ ನಿಂತಿದ್ದೂ ನಿಮಗೆ ನೆನಪಿರಬಹುದು. ಗೂಸೆವ್‌ನಂತೆ ಅವರಲ್ಲಿ ಯಾರಾದರೂ 'ಮುಗಿದ ಮೇಲೆ' ಅನ್ನುವ ಪದವನ್ನು ನೋಂದಾಯಿಸಿಕೊಂಡರೋ ಇಲ್ಲವೋ.

ಉಕ್ರೇನಿನ ಬುಚಾ ಪಟ್ಟಣದ ಹೆಸರು ನೀವು ಕೇಳಿದ್ದೀರಿ. 2022ರ ವಸಂತದಲ್ಲಿ ರಷ್ಯಾದ ಸೈನ್ಯ ಹಿಂದೆ ಸರಿದಾಗ ಬೀದಿಯಲ್ಲಿ ನಾಗರಿಕರ ಹೆಣಗಳು ಸಿಕ್ಕ ಊರು. ಅಲ್ಲಿ ಈಗ ಹೆಂಗಸರೇ ಹೆಚ್ಚಾಗಿರುವ ಒಂದು ಸ್ವಯಂಸೇವಾ ವಾಯುರಕ್ಷಣಾ ತಂಡ ಇದೆ. 'ಬುಚಾದ ಮಾಟಗಾತಿಯರು' ಅಂತ ಕರೆದುಕೊಳ್ಳುತ್ತಾರೆ. ಪೊ-2 ಹಾರಿಸುತ್ತಿದ್ದ ಸೋವಿಯತ್ ಹೆಣ್ಣುಮಕ್ಕಳಿಗೆ ಜರ್ಮನ್ನರು ಇಟ್ಟ ಹೆಸರು 'ರಾತ್ರಿಯ ಮಾಟಗಾತಿಯರು', ಅದರ ನೆರಳು ಇದು. ತಂಡದಲ್ಲಿ ಗಣಿತ ಹೇಳಿಕೊಡುವ ಶಿಕ್ಷಕಿ ಇದ್ದಾರೆ, ಪಶುವೈದ್ಯೆ ಇದ್ದಾರೆ. ಗಂಡಸರೆಲ್ಲ ಮುಂಚೂಣಿಗೆ ಹೋಗಿದ್ದರಿಂದ ಹಗಲು ತಮ್ಮ ಕೆಲಸ ಮುಗಿಸಿ ಇವರು ಪಾಳಿಗೆ ಬರುತ್ತಾರೆ, ಕಾಡಿನಂಚಿನಲ್ಲಿ ಮೆಷಿನ್ ಗನ್ ಹೂಡಿ ಮೊಪೆಡ್ ಸದ್ದಿಗೆ ಕಿವಿಗೊಟ್ಟು ಕೂರುತ್ತಾರೆ. ಅವರಿಗೆ ಸಿಕ್ಕಿರುವುದು ಹಳೆಯ ಮ್ಯಾಕ್ಸಿಮ್ ಗನ್‌ಗಳು. ಗನ್ ಮೇಲೆ ತಯಾರಾದ ವರ್ಷದ ಮುದ್ರೆ ಇದೆ: 1939. ಪೀರ್ಯೆವ್‌ನ ಟ್ರಾಕ್ಟರ್ ಚಾಲಕರು ಅದೇ ಉಕ್ರೇನಿನ ಹೊಲಗಳಲ್ಲಿ ಹಾಡುತ್ತಿದ್ದ ವರ್ಷ.